ಗುರಿಗೆ ತಕ್ಕ ರೈಫಲ್: ಹವ್ಯಾಸಿ ಶೂಟರ್‌ಗಳು ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗುರಿ ಹೊಡೆಯುವ ಕ್ರೀಡೆಯನ್ನು ಹವ್ಯಾಸವಾಗಿ ಕೈಗೆತ್ತಿಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ರೈಫಲ್ಲಿನ ಹೆಸರನ್ನು ವಿಚಾರಿಸುತ್ತಾರೆ, ಬಳಿಕ ಅದರ ಬಲವನ್ನು, ಕಟ್ಟಕಡೆಗೆ ಅದನ್ನು ಹೊಡೆಯಲು ಜಾಗ ಎಲ್ಲಿದೆ ಎಂಬುದನ್ನು. ಆಯ್ಕೆ ಸರಿಯಾಗಬೇಕಾದರೆ ಈ ಕ್ರಮ ಪೂರ್ತಿ ತಿರುವುಮುರುವಾಗಬೇಕು. ಏಕೆಂದರೆ ಎಷ್ಟು ದೂರದ ರೇಂಜ್ ಕೈಗೆಟುಕುತ್ತದೆ ಮತ್ತು ಕಾನೂನು ಏನನ್ನು ಒಪ್ಪುತ್ತದೆ ಎಂಬ ಎರಡು ಸಂಗತಿಗಳು ತೀರ್ಮಾನವಾದ ಮೇಲೆ ಕ್ಯಾಲಿಬರ್ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ. ಆಮೇಲೆ ಉಳಿಯುವ ಪ್ರಶ್ನೆ, ಹೊಡೆಯುವವರ ಮೈಕಟ್ಟಿಗೂ ಕಣ್ಣಿಗೂ ಯಾವುದು ಹೊಂದುತ್ತದೆ ಎಂಬುದಷ್ಟೇ.

ಮೊದಲ ಹೆಜ್ಜೆ: ದೂರ, ಕ್ಯಾಲಿಬರ್, ಕಾನೂನು

ರೈಫಲ್ ಎಂಬ ಹೆಸರು ಬಂದಿರುವುದು ಅದರ ನಳಿಕೆಯ ಒಳಮೈಯಲ್ಲಿ ಕೊರೆದಿರುವ ಸುರುಳಿ ಗೀರುಗಳಿಂದ. ಗುಂಡು ಈ ಗೀರುಗಳ ಹಿಡಿತಕ್ಕೆ ಸಿಕ್ಕಿ ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದ ಹೊರಳಾಡದೆ ನೇರವಾಗಿ ಸಾಗುತ್ತದೆ. ನಳಿಕೆಯ ಒಳವ್ಯಾಸದ ಅಳತೆಯೇ ಕ್ಯಾಲಿಬರ್. ಅದನ್ನು ಇಂಚಿನ ದಶಮಾಂಶದಲ್ಲಿಯೋ ಮಿಲಿಮೀಟರಿನಲ್ಲಿಯೋ ಹೇಳುವ ರೂಢಿಯಿದೆ. ಹವ್ಯಾಸಿಗಳಿಗೆ ಮುಖ್ಯವಾದವು ಎರಡು: 10 ಮೀಟರ್ ಸ್ಪರ್ಧೆಯ ಏರ್ ರೈಫಲ್ಲಿನ .177, ಅಂದರೆ 4.5 ಮಿ.ಮೀ.; ಮತ್ತು 50 ಮೀಟರ್ ಸ್ಪರ್ಧೆಯ .22, ಅಂದರೆ 5.6 ಮಿ.ಮೀ. ಮೊದಲನೆಯದರಲ್ಲಿ ಒತ್ತಿಹಿಡಿದ ಗಾಳಿಯು ಪೆಲೆಟ್ ಎಂಬ ಸೀಸದ ಪುಟ್ಟ ಗುಂಡನ್ನು ತಳ್ಳುತ್ತದೆ. ಎರಡನೆಯದು ಮದ್ದು ತುಂಬಿದ ತೋಟೆಯಿಂದ ಸಿಡಿಯುವ ನಿಜವಾದ ಬಂದೂಕು.

ಇವೆರಡರ ನಡುವಿನ ಅಂತರವನ್ನು ಲೆಕ್ಕದಲ್ಲಿಯೇ ನೋಡುವುದು ಒಳ್ಳೆಯದು. ಸ್ಪರ್ಧೆಯ ಏರ್ ರೈಫಲ್ ಸುಮಾರು 0.53 ಗ್ರಾಂ ತೂಕದ ಪೆಲೆಟ್ಟನ್ನು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರದೂಡುವಾಗ ನಳಿಕೆಯ ಬಾಯಲ್ಲಿ ಅದರ ಚಲನಶಕ್ತಿ ಏಳೂವರೆ ಜೌಲ್‌ನ ಆಸುಪಾಸಿನಲ್ಲಿರುತ್ತದೆ; 2.6 ಗ್ರಾಂ ತೂಕದ .22 ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಆ ಶಕ್ತಿ 140 ಜೌಲ್ ದಾಟುತ್ತದೆ. ತಡೆಯಿಲ್ಲದ ಬಯಲಿನಲ್ಲಿ .22 ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಆದ್ದರಿಂದ ಅದನ್ನು ಮಣ್ಣಿನ ದಿಬ್ಬದ ತಡೆಯಿರುವ, ಅನುಮತಿ ಪಡೆದ ರೇಂಜಿನಲ್ಲಲ್ಲದೆ ಬೇರೆಲ್ಲಿಯೂ ಹೊಡೆಯುವ ಯೋಚನೆಯೇ ಸಲ್ಲದು.

ಭಾರತದ ಕಾನೂನೂ ಇದೇ ಅಂತರವನ್ನು ಗುರುತಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪುಗೊಂಡ 2016ರ ನಿಯಮಗಳ ಪ್ರಕಾರ, ಶಕ್ತಿ 20 ಜೌಲ್ ಮೀರದ ಮತ್ತು ಕ್ಯಾಲಿಬರ್ .177 ದಾಟದ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಇವೆರಡರಲ್ಲಿ ಒಂದು ಮಿತಿಯನ್ನು ಮೀರಿದರೂ ಪರವಾನಗಿ ಬೇಕೇ ಬೇಕು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಅಂಗಡಿಯಲ್ಲಿ .22 ಏರ್ ರೈಫಲ್ ಎಂಬುದೂ ಇರುತ್ತದೆ, ಅದು 5.5 ಮಿ.ಮೀ. ಪೆಲೆಟ್ ಹಾರಿಸುವ ಗಾಳಿಬಂದೂಕೇ ಹೊರತು ತೋಟೆಯ .22 ಅಲ್ಲ. ಸಂಖ್ಯೆ ಒಂದೇ ಎಂದು ಮೋಸಹೋಗಿ ಅದನ್ನು ಕೊಳ್ಳುವವರು ಪರವಾನಗಿಯ ತೊಡಕನ್ನೂ ತಂದುಕೊಳ್ಳುತ್ತಾರೆ, 10 ಮೀಟರ್ ಸ್ಪರ್ಧೆಗೂ ಸಲ್ಲದ ಸಾಧನವೊಂದನ್ನು ಮನೆಗೆ ತರುತ್ತಾರೆ.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬಹುಹಿಂದಿನಿಂದ ವಿನಾಯಿತಿಯಿದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಆ ನೆಲದ ಜೀವಂತ ಸಂಪ್ರದಾಯ. ಆದರೆ ಎತ್ತರದಲ್ಲಿ ಕಟ್ಟಿದ ಕಾಯನ್ನು ಒಡೆಯುವ ಚಳಕಕ್ಕೂ ಕಾಗದದ ಮೇಲಿನ ಚುಕ್ಕೆಯನ್ನು ಅರವತ್ತು ಸಲ ಮತ್ತೆ ಮತ್ತೆ ಮುಟ್ಟುವ ಶಿಸ್ತಿಗೂ ಬೇಕಾಗುವ ಸಾಧನ ಒಂದೇ ಅಲ್ಲ ಎಂಬುದನ್ನು ಕೋವಿಯ ಮನೆತನದಿಂದ ಬಂದವರೂ ನೆನಪಿಡಬೇಕು.

.22ಕ್ಕಿಂತ ದೊಡ್ಡ ಕ್ಯಾಲಿಬರುಗಳು 300 ಮೀಟರಿನ ಸ್ಪರ್ಧೆಗೆ ಸೇರಿದವು. ಅಂತರರಾಷ್ಟ್ರೀಯ ನಿಯಮ ಅಲ್ಲಿ 8 ಮಿ.ಮೀ.ವರೆಗೆ ಅವಕಾಶ ಕೊಟ್ಟಿದೆಯಾದರೂ, ಭಾರತದಲ್ಲಿ .303ರಂಥ ಸೇನೆಯ ಕ್ಯಾಲಿಬರುಗಳು ನಿಷೇಧಿತ ಬೋರ್ ಎಂಬ ವರ್ಗದಲ್ಲಿರುವುದರಿಂದ ಹವ್ಯಾಸಿಗಳು ಅವುಗಳ ಆಸೆ ಇಟ್ಟುಕೊಳ್ಳದಿರುವುದೇ ಲೇಸು. ಪ್ರಾರಂಭಕ್ಕೆ .177 ಏರ್ ರೈಫಲ್ಲೇ ಸರಿಯಾದ ಆಯ್ಕೆ. ಇದು ಮಕ್ಕಳಾಟವೆಂಬ ಭಾವನೆ ಯಾರಲ್ಲಾದರೂ ಇದ್ದರೆ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನವನ್ನು ತಂದದ್ದೂ, 2012ರ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದೇ 4.5 ಮಿ.ಮೀ. ಪೆಲೆಟ್ಟಿನಿಂದ ಎಂಬುದನ್ನು ಗಮನಿಸಬೇಕು.

ಎರಡನೆಯ ಹೆಜ್ಜೆ: ಗಾಳಿಯ ಬಗೆ, ಮೈಗೆ ಹೊಂದುವ ಅಳತೆ

ಏರ್ ರೈಫಲ್ಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಕೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ ಬಗೆಯದು ಅಗ್ಗ, ಗಟ್ಟಿ, ಬೇರೆ ಯಾವ ಪರಿಕರವನ್ನೂ ಬೇಡದು. ಆದರೆ ಪೆಲೆಟ್ ಇನ್ನೂ ನಳಿಕೆಯೊಳಗಿರುವಾಗಲೇ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುವುದರಿಂದ ಇಡೀ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ, ಹಿಡಿತ ಪ್ರತಿಸಲ ಒಂದೇ ರೀತಿ ಇಲ್ಲದಿದ್ದರೆ ಪೆಲೆಟ್ ಬೀಳುವ ಜಾಗವೂ ಬದಲಾಗುತ್ತದೆ. ಪಿಸಿಪಿ ಎಂದು ಕರೆಯುವ ಎರಡನೆಯ ಬಗೆಯಲ್ಲಿ ಸಿಲಿಂಡರಿನೊಳಗೆ ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಟ್ಟು ಪ್ರತಿ ಹೊಡೆತಕ್ಕೂ ಅಳೆದಷ್ಟೇ ಬಿಡುವುದರಿಂದ ಅಲುಗಾಟ ಬಹುಪಾಲು ಇಲ್ಲವೇ ಇಲ್ಲ. ಇಂದು ಸ್ಪರ್ಧೆಯಲ್ಲಿ ಕಾಣುವ ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್‌ಷುಟ್ಸ್ ಹಾಗೂ ಆಸ್ಟ್ರಿಯಾದ ಸ್ಟೈಯರ್ ರೈಫಲ್ಲುಗಳು ಈ ಬಗೆಯವು. ಭಾರತದಲ್ಲಿ ಪ್ರೆಸಿಹೋಲ್ ಕಂಪನಿಯೂ ಏರ್ ರೈಫಲ್ ತಯಾರಿಸುತ್ತದೆ. ಹಳೆಯ ಪಿಸಿಪಿ ರೈಫಲ್ ಕೊಳ್ಳುವವರು ಮರ ಹೊಳೆಯುತ್ತಿದೆಯೇ ಎಂದು ನೋಡುವುದಕ್ಕೆ ಮೊದಲು ಸಿಲಿಂಡರಿನ ಮೇಲೆ ಕೊರೆದಿರುವ ತಯಾರಿಕೆಯ ದಿನಾಂಕವನ್ನು ಓದಬೇಕು. ತಯಾರಕರು ಸಾಮಾನ್ಯವಾಗಿ ಅದಕ್ಕೆ ನಿಗದಿಪಡಿಸುವ ಆಯುಷ್ಯ 10 ವರ್ಷ.

ಮೈಗೆ ಹೊಂದುವ ಅಳತೆಯ ವಿಷಯದಲ್ಲಿ ರಾಜಿ ಕೂಡದು. ಸ್ಪರ್ಧೆಯ ನಿಯಮ 5.5 ಕಿಲೋ ತೂಕದ ರೈಫಲ್ಲಿನವರೆಗೆ ಒಪ್ಪುತ್ತದೆ. ಆದರೆ ಅಷ್ಟು ಭಾರವನ್ನು 75 ನಿಮಿಷಗಳಲ್ಲಿ ಅರವತ್ತು ಸಲ ಎತ್ತಿಹಿಡಿಯುವುದು ಎಳೆಯರ ಬೆನ್ನಿಗೆ ಹಿತವಲ್ಲ. ಭುಜಕ್ಕೆ ಆನಿಸುವ ಹಿಂಬದಿಯ ತಟ್ಟೆಯಿಂದ ಟ್ರಿಗರಿನವರೆಗಿನ ಉದ್ದ ಕೈಯ ಅಳತೆಗೆ ಸರಿಹೊಂದಬೇಕು, ಕೆನ್ನೆ ಊರುವ ಪಟ್ಟಿಯ ಎತ್ತರವು ಕತ್ತು ಬಗ್ಗಿಸದೆಯೇ ಕಣ್ಣನ್ನು ಸರಿಯಾದ ಜಾಗಕ್ಕೆ ತರಬೇಕು. ಇವೆರಡನ್ನೂ ಹೊಂದಿಸಿಕೊಳ್ಳುವ ಅನುಕೂಲವಿಲ್ಲದ ದುಬಾರಿ ರೈಫಲ್ಲಿಗಿಂತ, ಅದಿರುವ ಸಾಧಾರಣ ರೈಫಲ್ ಮೇಲು. ಬಲಗೈಯವರಾಗಿದ್ದೂ ಎಡಗಣ್ಣು ಪ್ರಬಲವಾಗಿರುವವರು ಅಪರೂಪವಲ್ಲ. ದೂರದ ಗೋಡೆಗಡಿಯಾರವನ್ನು ಎರಡೂ ಕಣ್ಣು ತೆರೆದು ಬೆರಳಿನಿಂದ ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಯಾವ ಕಣ್ಣಿಗೆ ಬೆರಳು ಗಡಿಯಾರದ ನೇರದಲ್ಲಿಯೇ ಉಳಿಯುವುದೋ ಅದೇ ಪ್ರಬಲ ಕಣ್ಣು. ರೈಫಲ್ ಎಡಗೈಯದೋ ಬಲಗೈಯದೋ ಎಂಬುದನ್ನು ಈ ಪರೀಕ್ಷೆ ಆದಮೇಲೆ, ತರಬೇತುದಾರರೊಡನೆ ಕುಳಿತು ನಿರ್ಧರಿಸಬೇಕು.

ಮೂರನೆಯ ಹೆಜ್ಜೆ: ಸೈಟ್

ಗುರಿ ನೋಡಲು ನಳಿಕೆಯ ಮೇಲೆ ಕೂರಿಸಿರುವ ಸಾಧನವೇ ಸೈಟ್. ಹಿಂದೆ ಒಂದು ಕಚ್ಚು, ಮುಂದೆ ಒಂದು ಕಡ್ಡಿ ಇರುವುದು ಓಪನ್ ಸೈಟ್. ಅಲ್ಲಿ ಕಚ್ಚು, ಕಡ್ಡಿ, ಗುರಿ ಎಂಬ ಮೂರು ಬೇರೆ ಬೇರೆ ದೂರಗಳನ್ನು ಕಣ್ಣು ಒಟ್ಟಿಗೆ ಸಂಭಾಳಿಸಬೇಕಾಗುತ್ತದೆ, ಅದು ಯಾವ ಕಣ್ಣಿಗೂ ಆಗದ ಕೆಲಸ. ಪೀಪ್ ಸೈಟ್ ಎಂಬುದು ಈ ಕಷ್ಟವನ್ನು ಜಾಣತನದಿಂದ ಬಿಡಿಸುತ್ತದೆ. ಹಿಂದುಗಡೆ ಒಂದು ಮಿಲಿಮೀಟರಿನ ಆಸುಪಾಸಿನ ಸಣ್ಣ ತೂತು, ಮುಂದೆ ಕೊಳವೆಯೊಳಗೆ ಒಂದು ಉಂಗುರ. ಸಣ್ಣ ತೂತಿನ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಏಕಕಾಲಕ್ಕೆ ಸಾಕಷ್ಟು ಸ್ಪಷ್ಟವಾಗುತ್ತದೆ, ಕಣ್ಣು ತಾನಾಗಿಯೇ ತೂತಿನ ನಡುವನ್ನು ಹುಡುಕಿಕೊಳ್ಳುತ್ತದೆ. ಚಾಳೀಸು ಬಂದ ಹವ್ಯಾಸಿಗಳಿಗೂ ಈ ಕ್ರೀಡೆ ತೆರೆದುಕೊಂಡಿರುವುದು ಇದರಿಂದಾಗಿಯೇ.

ನಿಖರತೆಯ ಬೆಲೆಯನ್ನು ಇಲ್ಲಿಯೂ ಲೆಕ್ಕವೇ ಹೇಳುತ್ತದೆ. ಹಿಂದಿನ ತೂತಿಗೂ ಮುಂದಿನ ಉಂಗುರಕ್ಕೂ ನಡುವೆ 80 ಸೆಂ.ಮೀ. ಅಂತರವಿದೆಯೆಂದುಕೊಂಡರೆ, ಅವುಗಳ ಹೊಂದಾಣಿಕೆಯಲ್ಲಿ 0.1 ಮಿ.ಮೀ. ತಪ್ಪಿದರೂ 10 ಮೀಟರ್ ದೂರದಲ್ಲಿ ಪೆಲೆಟ್ 1.25 ಮಿ.ಮೀ. ಸರಿಯುತ್ತದೆ. ಗುರಿಹಲಗೆಯ ನಡುವಿನ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ.; ಅಂಕಗಳನ್ನು ದಶಮಾಂಶದಲ್ಲಿ ಎಣಿಸುವ ಈಗಿನ ಪದ್ಧತಿಯಲ್ಲಿ ಪ್ರತಿ 0.25 ಮಿ.ಮೀ.ಗೆ ಒಂದು ದಶಾಂಶ ಕಳೆದುಹೋಗುವುದರಿಂದ 10.9 ಆಗಬೇಕಿದ್ದ ಹೊಡೆತ 10.4ಕ್ಕೆ ಇಳಿಯುತ್ತದೆ. ಮುಂದಿನ ಉಂಗುರವನ್ನು ಆರಿಸುವಾಗ, ಗುರಿಯ 30.5 ಮಿ.ಮೀ. ಕಪ್ಪು ವೃತ್ತದ ಸುತ್ತ ಬಿಳಿಯ ಪಟ್ಟಿ ಧಾರಾಳವಾಗಿ ಕಾಣುವಂಥದ್ದನ್ನೇ ತೆಗೆದುಕೊಳ್ಳಬೇಕು. ಬಿಗಿಯಾದ ಉಂಗುರ ಹೆಚ್ಚು ನಿಖರವೆಂದು ತೋರಿದರೂ ಅದು ಕಣ್ಣನ್ನು ದಣಿಸುತ್ತದೆ, ಟ್ರಿಗರ್ ಒತ್ತುವ ಬೆರಳನ್ನು ಹಿಂಜರಿಯುವಂತೆ ಮಾಡುತ್ತದೆ.

ದುರ್ಬೀನಿನಂಥ ಟೆಲಿಸ್ಕೋಪ್ ಸೈಟ್ ಅಂತರರಾಷ್ಟ್ರೀಯ ರೈಫಲ್ ಸ್ಪರ್ಧೆಗಳಲ್ಲಿ ನಿಷಿದ್ಧ. ಸ್ಪರ್ಧೆಯ ಹಂಬಲವಿಲ್ಲದೆ ಬರೀ ಸಂತೋಷಕ್ಕೆ ಹೊಡೆಯುವವರು ಅದನ್ನು ಬಳಸಬಹುದು, ಆದರೆ ಎರಡು ಎಚ್ಚರಿಕೆಗಳು ಬೇಕು. ನೂರು ಗಜಕ್ಕೆ ಹೊಂದಿಸಿ ಮಾರುವ ಸ್ಕೋಪಿನಲ್ಲಿ 10 ಮೀಟರಿನ ಗುರಿ ಮಸುಕಾಗಿ ಕಾಣುತ್ತದೆ, ಕಣ್ಣು ತುಸು ಸರಿದರೆ ಗುರಿಗೆರೆಯೂ ಸರಿದಂತೆ ತೋರುತ್ತದೆ. ಪ್ಯಾರಲಾಕ್ಸ್ ಎಂಬ ಈ ದೋಷವನ್ನು 10 ಮೀಟರಿನವರೆಗೆ ಸರಿಪಡಿಸಿಕೊಳ್ಳಬಹುದಾದ ಸ್ಕೋಪನ್ನೇ ಕೊಳ್ಳಬೇಕು. ಜತೆಗೆ, ಸ್ಪ್ರಿಂಗ್ ರೈಫಲ್ಲಿನ ಎರಡೂ ಕಡೆಯ ಜಗ್ಗಾಟವು ಮಾಮೂಲಿ ಸ್ಕೋಪಿನ ಒಳಭಾಗಗಳನ್ನು ಸಡಿಲಿಸಿಬಿಡುವುದರಿಂದ ಅದಕ್ಕೆಂದೇ ಮಾಡಿದ್ದನ್ನು ಕೇಳಿ ಪಡೆಯಬೇಕು.

ಪೆಲೆಟ್ ಮತ್ತು ಉಳಿದದ್ದು

ಕಾಗದದ ಗುರಿಗೆ ಚಪ್ಪಟೆ ಮೂತಿಯ ಪೆಲೆಟ್ ಬೇಕು, ಏಕೆಂದರೆ ಅದು ಅಂಚು ಹರಿಯದ ದುಂಡು ತೂತು ಮಾಡುತ್ತದೆ. ಒಂದೇ ಕಂಪನಿಯ ಪೆಲೆಟ್ಟುಗಳೂ 4.49, 4.50, 4.51 ಮಿ.ಮೀ. ಎಂಬ ಸೂಕ್ಷ್ಮ ವ್ಯತ್ಯಾಸಗಳಲ್ಲಿ ಬರುತ್ತವೆ. ಪ್ರತಿ ನಳಿಕೆಗೂ ಅದರದೇ ಒಲವಿರುವುದರಿಂದ ಮೂರೂ ಬಗೆಗಳಲ್ಲಿ ಹತ್ತು ಹತ್ತು ಹೊಡೆದು, ಯಾವುದು ಒತ್ತಾಗಿ ಒಂದೆಡೆ ಬೀಳುವುದೋ ಅದನ್ನೇ ಉಳಿಸಿಕೊಳ್ಳುವುದು ಸರಿಯಾದ ವಿಧಾನ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಹಕ್ಕಿಗಳ ಮೇಲೆ ಏರ್ ರೈಫಲ್ ಎತ್ತುವುದು ಈ ಕ್ರೀಡೆಗೆ ಅವಮಾನವಷ್ಟೇ ಅಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವೂ ಹೌದು.

ಹಣದ ಮಾತಿನಲ್ಲಿ ಅವಸರ ಬೇಡ. ದೇಶದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ಏರ್ ರೈಫಲ್ಲಿಗೂ ಪ್ರತ್ಯೇಕ ವಿಭಾಗವಿರುವುದರಿಂದ ದೇಶೀಯ ರೈಫಲ್ಲಿನಿಂದಲೇ ಆರಂಭಿಸಿದವರಿಗೆ ನಷ್ಟವೇನೂ ಇಲ್ಲ. ಪೀಪ್ ಸೈಟಿಗೆ ಆಮೇಲೆ ಹೋಗಬಹುದು. ಬಹುತೇಕ ಕ್ಲಬ್ಬುಗಳಲ್ಲಿ ಕಲಿಯುವವರಿಗೆಂದು ರೈಫಲ್ಲುಗಳು ಇರುತ್ತವೆ. ಆಸಕ್ತರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಒಂದೆರಡು ತಿಂಗಳು ಆ ರೈಫಲ್ಲುಗಳಲ್ಲಿ ಅಭ್ಯಾಸ ಮಾಡಿ, ತಮ್ಮ ಮೈಯ ಅಳತೆಯನ್ನೂ ಕಣ್ಣಿನ ಸ್ವಭಾವವನ್ನೂ ತರಬೇತುದಾರರಿಂದ ಕಾಗದದ ಮೇಲೆ ಬರೆಸಿಕೊಂಡು, ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ರೈಫಲ್ ಕೊಳ್ಳಲು ಹೋಗಬೇಕು.