ಏಕಮಾನವಿಲ್ಲದ ಸಂಖ್ಯೆ: ಒಂದು ಅಭ್ಯಾಸ ಪಾಠ

ತರಗತಿ: ದ್ವಿತೀಯ ಪಿಯುಸಿ, ರಸಾಯನಶಾಸ್ತ್ರ

ಉದ್ದೇಶ: ಅಣುಗಳ ಗುಣಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶಗಳಿಗೆ ಸಮಾನ ಮಾನಕಗಳು ಏಕೆ ಬೇಕೆಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವುದು.

ಚಟುವಟಿಕೆ: ನೀರಿನ ಅಣುವಿನ ಓ–ಎಚ್ ಬಂಧದ ಉದ್ದವನ್ನು ಎರಡು ಗುಂಪುಗಳಿಗೆ ಚೀಟಿಯಲ್ಲಿ ಕೊಟ್ಟೆ. ಒಂದರಲ್ಲಿ 0.96, ಇನ್ನೊಂದರಲ್ಲಿ 1.81. ಏಕಮಾನವನ್ನು ಬೇಕೆಂದೇ ಬರೆದಿರಲಿಲ್ಲ. ಯಾವುದು ಸರಿ ಎಂದು ವಾದ ಎದ್ದಿತು. ಎರಡೂ ಸರಿ: ಮೊದಲನೆಯದು ಆಂಗ್‌ಸ್ಟ್ರಾಮ್‌ನಲ್ಲಿ, ಎರಡನೆಯದು ಬೋರ್‌ನಲ್ಲಿ. 1 ಬೋರ್ ಎಂದರೆ ಸುಮಾರು 0.529 ಆಂಗ್‌ಸ್ಟ್ರಾಮ್. ತಂತ್ರಾಂಶವು 0.96 ಅನ್ನು ಬೋರ್ ಎಂದು ಓದಿಕೊಂಡರೆ ಬಂಧ 0.51 ಆಂಗ್‌ಸ್ಟ್ರಾಮ್‌ಗೆ ಕುಗ್ಗುತ್ತದೆ. ಆಗಲೂ ಒಂದು ಉತ್ತರ ಬರಬಹುದು, ಆದರೆ ಅದು ನಿಜವಾದ ನೀರಿನದಲ್ಲ.

ವಿಸ್ತರಣೆ: ಏಕಮಾನ ಒಂದೇ ಆದರೆ ಸಾಕೇ ಎಂದು ಕೇಳಿ, ಬಿ3ಎಲ್‌ವೈಪಿ ಎಂಬ ಗಣನ ವಿಧಾನದ ಉದಾಹರಣೆ ಕೊಟ್ಟೆ. ಗಾಸಿಯನ್ ಮತ್ತು ಓರ್ಕಾ ತಂತ್ರಾಂಶಗಳು ಈ ಹೆಸರಿನಡಿ ಒಂದು ಸೂತ್ರದ ಬೇರೆ ಬೇರೆ ರೂಪಗಳನ್ನು ಬಳಸುತ್ತವೆ. ಹಾಗಾಗಿ ಒಂದೇ ಅಣುವಿಗೆ ಬರುವ ಶಕ್ತಿಯ ಬೆಲೆಯೂ ಬೇರೆ. ಓರ್ಕಾದಲ್ಲಿ ಗಾಸಿಯನ್‌ನ ರೂಪ ಬೇಕಿದ್ದರೆ ಬಿ3ಎಲ್‌ವೈಪಿ/ಜಿ ಎಂದೇ ಬರೆಯಬೇಕು.

ಮೌಲ್ಯಮಾಪನ: "ನಿಮ್ಮ ಉತ್ತರವನ್ನು ಇನ್ನೊಬ್ಬರು ಮತ್ತೆ ಪಡೆಯಬೇಕಾದರೆ ಸಂಖ್ಯೆಯ ಜೊತೆ ಏನೇನು ಬರೆಯಬೇಕು?" ಏಕಮಾನ, ವಿಧಾನದ ಪೂರ್ಣ ವಿವರ, ತಂತ್ರಾಂಶದ ಹೆಸರು, ಆವೃತ್ತಿ ಎಂದು ಪಟ್ಟಿ ಬೆಳೆಯಿತು. ಎಲ್ಲ ತಂತ್ರಾಂಶಗಳೂ ಇವನ್ನು ಒಂದೇ ರೀತಿಯಲ್ಲಿ ದಾಖಲಿಸುವುದಕ್ಕೇ ಮಾನಕ ಎನ್ನುತ್ತೇವೆ ಎಂದು ಹೇಳಿ ಪಾಠ ಮುಗಿಸಿದೆ.