ಮೊದಲ ಪ್ರಾಜೆಕ್ಟ್ ಬಾವಿಕಟ್ಟೆಯಲ್ಲೇ ಇದೆ

ಕೋಡಿಂಗ್ ಕಲಿಯುತ್ತಿರುವ ಕಾವೂರಿನ ಮಕ್ಕಳೇ, ಮನೆಯ ಬಾವಿಯಿಂದಲೇ ಶುರುಮಾಡಿ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ಪ್ರತಿ ಭಾನುವಾರ ಬೆಳಿಗ್ಗೆ ನೀರು ಎಷ್ಟು ಆಳದಲ್ಲಿದೆಯೆಂದು ಅಳೆಯಿರಿ. ಪಂಪು ಹಾಕುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ದಿನಾಂಕವನ್ನು 2025-06-01 ಎಂಬಂತೆ ವರ್ಷ ಮೊದಲಿಟ್ಟು ಬರೆದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವುದು ಸುಲಭ. ಅಳೆಯದ ವಾರಕ್ಕೆ ಸೊನ್ನೆ ಹಾಕಲೇಬೇಡಿ, ಖಾಲಿ ಬಿಡಿ. ಆಳ ಸೊನ್ನೆಯೆಂದರೆ ಬಾವಿ ಬಾಯಿವರೆಗೆ ತುಂಬಿದೆ ಎಂದೇ ನಿಮ್ಮ ಪೈಥಾನ್ ಪ್ರೋಗ್ರಾಂ ಲೆಕ್ಕ ಹಾಕುತ್ತದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರು ನಗರದ ನಳ್ಳಿಗಳಿಗೆ ರೇಷನಿಂಗ್ ಬಂದಿತ್ತು. ಅಂಥ ವರ್ಷ ನಿಮ್ಮ ಬಾವಿ ಎಷ್ಟು ದಿನ ತಾಳೀತು? ಆಟಿ ತಿಂಗಳಿಂದ ಮೇವರೆಗಿನ ಗೆರೆ ಎಳೆದು ನೋಡಿ, ಅಜ್ಜಿಗೂ ತೋರಿಸಿ. ಹಳೆಯ ಬರದ ವರ್ಷಗಳು ಅವರಿಗೆ ನೆನಪಿರುತ್ತವೆ.