ಬೆಲೆ ಕಟ್ಟುವವರು, ಅಳೆಯುವವರು: ಮಾನ್ಯತೆ ಪರಿಶೀಲಿಸುವುದು ಹೇಗೆ?

ಮನೆ ಅಡವಿಟ್ಟು ಸಾಲ ಪಡೆಯುವಾಗ, ತಂದೆಯಿಂದ ಬಂದ ನಿವೇಶನ ಮಾರಿ ತೆರಿಗೆ ಲೆಕ್ಕ ಹಾಕುವಾಗ, ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಇಬ್ಬರ ನೆರವು ಬೇಕಾಗುತ್ತದೆ. ಆಸ್ತಿಗೆ ಬೆಲೆ ಕಟ್ಟುವ ಮೌಲ್ಯಮಾಪಕರು ಒಬ್ಬರು, ಅಳೆದು ನಕ್ಷೆ ಮಾಡುವ ಭೂಮಾಪಕರು ಇನ್ನೊಬ್ಬರು. ‘ಸರ್ಕಾರದಿಂದ ಮಾನ್ಯತೆ ಪಡೆದವರು’ ಎಂಬ ಸಾಲು ಇಬ್ಬರ ಸೀಲಿನಲ್ಲೂ ಕಾಣಬಹುದು. ಹಣ ಕೊಡುವ ಮುನ್ನ ಕೇಳಬೇಕಾದ್ದು ಇಷ್ಟು: ಈ ಮಾನ್ಯತೆ ಯಾವ ಕಾಯ್ದೆಯಡಿ ಸಿಕ್ಕಿದ್ದು, ಯಾವ ಕೆಲಸಕ್ಕೆ? ಒಂದು ಕೆಲಸಕ್ಕೆ ಆದ ನೋಂದಣಿ ಇನ್ನೊಂದಕ್ಕೆ ನಡೆಯುವುದಿಲ್ಲ. ವರದಿ ತಿರಸ್ಕೃತವಾದರೆ ನಷ್ಟವಾಗುವುದು ಆಸ್ತಿದಾರರಿಗೇ.

ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯೂ ಪರಿಷತ್ತೂ ಇವೆ. ಮೌಲ್ಯಮಾಪಕರೆಲ್ಲರಿಗೂ ಅನ್ವಯಿಸುವ ಅಂಥ ಒಂದೇ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಭಾರತೀಯ ದಿವಾಳಿತನ ಮಂಡಳಿಯ ಆಗಿನ ಅಧ್ಯಕ್ಷ ಎಂ.ಎಸ್. ಸಾಹೂ ನೇತೃತ್ವದ ತಜ್ಞರ ಸಮಿತಿ 2020ರಲ್ಲಿ ಮಸೂದೆಯ ಕರಡನ್ನೇ ಸಿದ್ಧಪಡಿಸಿ, ಈ ವೃತ್ತಿಗೆ ರಾಷ್ಟ್ರಮಟ್ಟದ ಸಂಸ್ಥೆ ಬೇಕೆಂದು ಶಿಫಾರಸು ಮಾಡಿತ್ತು. ಜನಸಾಮಾನ್ಯರ ಹಿತಕ್ಕೆ ಅದು ಬೇಗ ಕಾಯ್ದೆಯಾಗಬೇಕು. ಅಲ್ಲಿಯವರೆಗೆ ಪರಿಶೀಲನೆಯ ಹೊಣೆ ನಮ್ಮ ಮೇಲೆಯೇ ಇದೆ.

ಮೊದಲು ಉದ್ದೇಶ ಗೊತ್ತುಮಾಡಿಕೊಳ್ಳಿ

ವರದಿಯನ್ನು ಯಾರ ಮುಂದೆ ಇಡಬೇಕು ಎಂಬುದರ ಮೇಲೆ ಯಾರಿಂದ ಬರೆಸಬೇಕು ಎಂಬುದು ನಿಂತಿದೆ.

ಕಂಪನಿ ವ್ಯವಹಾರ ಅಥವಾ ದಿವಾಳಿ ಪ್ರಕರಣವಾದರೆ 2013ರ ಕಂಪನಿ ಕಾಯ್ದೆಯ 247ನೇ ಕಲಮಿನಡಿ ನೋಂದಾಯಿತರಾದ ಮೌಲ್ಯಮಾಪಕರೇ ಬೇಕು. ಇದರ ನಿಯಮಗಳು ಬಂದದ್ದು 2017ರ ಅಕ್ಟೋಬರ್‌ನಲ್ಲಿ. ನೋಂದಣಿ ಕೊಡುವ ಪ್ರಾಧಿಕಾರ ಭಾರತೀಯ ದಿವಾಳಿತನ ಮಂಡಳಿ, ಅಂದರೆ ಐಬಿಬಿಐ. ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮತ್ತು ಹಣಕಾಸು ಆಸ್ತಿ ಎಂದು ಮೂರು ವಿಭಾಗಗಳಿವೆ. ಯಂತ್ರಗಳಿಗೆ ಬೆಲೆ ಕಟ್ಟಲು ನೋಂದಾಯಿತರಾದವರು ನಿಮ್ಮ ಕಟ್ಟಡಕ್ಕೆ ಕಟ್ಟುವಂತಿಲ್ಲ. ಜಮೀನು ಮತ್ತು ಕಟ್ಟಡ ವಿಭಾಗಕ್ಕೆ ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿ ಇದ್ದವರಿಗೆ 5 ವರ್ಷದ ಅನುಭವ ಬೇಕು. ಜೊತೆಗೆ ನಿಗದಿತ ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ಶೇ 60 ಅಂಕ ಪಡೆದಿರಬೇಕು.

ಆದಾಯ ತೆರಿಗೆಯ ದಾರಿ ಬೇರೆ. 2015ರ ಬಜೆಟ್‌ನಲ್ಲಿ ಸಂಪತ್ತು ತೆರಿಗೆ ರದ್ದಾದರೂ, ಆ ತೆರಿಗೆಯ 1957ರ ಕಾಯ್ದೆಯ 34ಎಬಿ ಕಲಮಿನಡಿ ಆದ ನೋಂದಣಿಯನ್ನೇ ಇಲಾಖೆ ಮುಂದೆಯೂ ಬಳಸುತ್ತ ಬಂತು. 1-4-2001ಕ್ಕಿಂತ ಮೊದಲು ಕುಟುಂಬಕ್ಕೆ ಬಂದ ಆಸ್ತಿಯನ್ನು ಈಗ ಮಾರುವವರಿಗೆ ಈ ವರದಿ ಹೆಚ್ಚು ಬೇಕಾಗುತ್ತದೆ. ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಅವರು ಲೆಕ್ಕಕ್ಕೆ ಹಿಡಿಯಬಹುದು. ಆದರೆ ಆ ದಿನ ಜಾರಿಯಲ್ಲಿದ್ದ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ಹಾಗಾಗಿ ಮೊದಲು ಉಪನೋಂದಣಿ ಕಚೇರಿಯಲ್ಲಿ 2001ರ ಮಾರ್ಗಸೂಚಿ ದರ ಕೇಳಿ ಪಡೆಯಿರಿ, ಮೌಲ್ಯಮಾಪಕರ ಬಳಿ ಹೋಗುವುದು ಆಮೇಲೆ. ಈ ಕ್ರಮ ತಪ್ಪಿದರೆ ವರದಿಯಲ್ಲಿ ದೊಡ್ಡ ಅಂಕಿ ಇರುತ್ತದೆ, ತೆರಿಗೆ ಲೆಕ್ಕದಲ್ಲಿ ಅದು ನಿಲ್ಲುವುದಿಲ್ಲ.

ಬ್ಯಾಂಕ್ ಸಾಲಕ್ಕೆ ಆಯಾ ಬ್ಯಾಂಕಿನ ಪ್ಯಾನೆಲ್‌ನಲ್ಲಿರುವವರೇ ಆಗಬೇಕು. ಶುಲ್ಕ ನಿಮ್ಮಿಂದ ಹೋದರೂ ಅವರನ್ನು ನೇಮಿಸುವುದು ಬ್ಯಾಂಕ್, ವರದಿ ಹೋಗುವುದೂ ಬ್ಯಾಂಕಿಗೆ. ಆದ್ದರಿಂದ ಶಾಖೆಯಲ್ಲಿ ಕೇಳದೆ ಹೊರಗಿನವರಿಂದ ವರದಿ ಮಾಡಿಸಬೇಡಿ. 50 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಆಸ್ತಿಗೆ ಇಬ್ಬರಿಂದ ಸ್ವತಂತ್ರ ವರದಿ ಪಡೆಯಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸೂಚಿಸಿತ್ತು.

ಇನ್ನು ಕ್ರಯಪತ್ರದ ಮುದ್ರಾಂಕ ಶುಲ್ಕ. ಅದಕ್ಕೆ ಲೆಕ್ಕಕ್ಕೆ ಬರುವುದು ಸರ್ಕಾರದ ಮಾರ್ಗಸೂಚಿ ದರ ಅಥವಾ ನೀವು ಕೊಟ್ಟ ಬೆಲೆ, ಯಾವುದು ಹೆಚ್ಚೋ ಅದು. ಖಾಸಗಿ ವರದಿ ತೋರಿಸಿ ಅದನ್ನು ಇಳಿಸಿಕೊಳ್ಳಲಾಗದು.

ನೋಂದಣಿ ಸಂಖ್ಯೆ ಕೇಳಿ, ಹುಡುಕಿ ನೋಡಿ

ಐಬಿಬಿಐ ತನ್ನ ಜಾಲತಾಣದಲ್ಲಿ ನೋಂದಾಯಿತ ಮೌಲ್ಯಮಾಪಕರ ಪಟ್ಟಿ ಇಟ್ಟಿದೆ. ಹೆಸರು, ವಿಭಾಗ, ಸಂಖ್ಯೆ ಮೂರೂ ತಾಳೆಯಾಗಬೇಕು. ಈ ನೋಂದಣಿ ಉಳಿಯಬೇಕಾದರೆ ಅವರು ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಘಟನೆಯೊಂದರ ಸದಸ್ಯರಾಗಿರಬೇಕು. ತರಬೇತಿ, ವೃತ್ತಿ ಪ್ರಮಾಣಪತ್ರ, ಶಿಸ್ತುಕ್ರಮ ಎಲ್ಲವೂ ಈ ಸಂಘಟನೆಗಳ ಕೆಲಸ. ಐಒವಿ ರಿಜಿಸ್ಟರ್ಡ್ ವ್ಯಾಲ್ಯುಯರ್ಸ್ ಫೌಂಡೇಶನ್ ಅಂಥದ್ದೊಂದು. ಅದರ ಹಿಂದಿರುವ ಇನ್‌ಸ್ಟಿಟ್ಯೂಷನ್ ಆಫ್ ವ್ಯಾಲ್ಯುಯರ್ಸ್ 1968ರಷ್ಟು ಹಳೆಯ ವೃತ್ತಿಸಂಸ್ಥೆ.

ವೃತ್ತಿಸಂಸ್ಥೆಯ ಸದಸ್ಯತ್ವ ಬೇರೆ, ಕಾನೂನಿನ ನೋಂದಣಿ ಬೇರೆ. ಹೆಸರಿನ ಮುಂದೆ ಸಾಲಾಗಿ ನಿಂತ ಅಕ್ಷರಗಳು ಓದು, ಅನುಭವ, ಗೌರವ ಹೇಳುತ್ತವೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್, ಅಂದರೆ ಆರ್‌ಐಸಿಎಸ್ 1868ರಿಂದ ಇರುವ ಪ್ರತಿಷ್ಠಿತ ಸಂಸ್ಥೆ, ಭಾರತದಲ್ಲೂ ಅದರ ಸದಸ್ಯರಿದ್ದಾರೆ. ಆದರೆ ನಮ್ಮ ಕಾಯ್ದೆ ನೋಂದಣಿ ಕೇಳುವ ಕಡೆ ಆ ಸದಸ್ಯತ್ವವೊಂದೇ ಸಾಲದು.

ಒಪ್ಪಂದ ಬರಹದಲ್ಲಿರಲಿ

ಶುಲ್ಕ, ಉದ್ದೇಶ, ಯಾವ ದಿನಾಂಕದ ಬೆಲೆ ಬೇಕು ಎಂಬುದನ್ನು ಪತ್ರದಲ್ಲಿ ಬರೆಸಿ. ‘ಸಾಲ ಮಂಜೂರಾದರೆ ಇಷ್ಟು, ಬೆಲೆ ಇಷ್ಟಕ್ಕೆ ಏರಿಸಿದರೆ ಇಷ್ಟು’ ಎನ್ನುವವರನ್ನು ಅಲ್ಲಿಂದಲೇ ಕಳುಹಿಸಿ. ಫಲ ನೋಡಿ ಶುಲ್ಕ ಪಡೆಯುವುದನ್ನೂ ಕಕ್ಷಿದಾರರಿಗೆ ಬೇಕಾದ ಅಂಕಿ ಬರೆದುಕೊಡುವುದನ್ನೂ 2017ರ ನಿಯಮಗಳ ನೀತಿಸಂಹಿತೆ ನಿಷೇಧಿಸಿದೆ. ನೇಮಕಕ್ಕೆ ಹಿಂದಿನ 3 ವರ್ಷಗಳಲ್ಲಿ ಅಥವಾ ಮೌಲ್ಯಮಾಪನದ ನಂತರದ 3 ವರ್ಷಗಳಲ್ಲಿ ಸ್ವಂತ ಹಿತಾಸಕ್ತಿ ಇರುವ ಆಸ್ತಿಗೆ ಅವರು ಬೆಲೆ ಕಟ್ಟುವಂತಿಲ್ಲ. ವಂಚಿಸುವ ಉದ್ದೇಶದಿಂದ ಈ ನಿಯಮ ಮುರಿದರೆ 1 ವರ್ಷದವರೆಗೆ ಜೈಲು, 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ವರದಿ ಕೈಗೆ ಬಂದಾಗ ಕೊನೆಯ ಪುಟದ ಮೊತ್ತಕ್ಕೆ ನೇರವಾಗಿ ಹೋಗಬೇಡಿ. ಸ್ಥಳಕ್ಕೆ ಬಂದು ನೋಡಿದ ವಿವರ ಇದೆಯೇ? ಬೆಲೆಗೆ ಆಧಾರವೇನು, ಮಾಹಿತಿ ಸಿಕ್ಕಿದ್ದೆಲ್ಲಿಂದ, ವರದಿಯನ್ನು ಯಾವುದಕ್ಕೆ ಬಳಸಬಾರದು ಎಂದು ಬರೆದಿದ್ದಾರೆಯೇ? ಮಾರುಕಟ್ಟೆ ಬೆಲೆಯೋ, ತುರ್ತಾಗಿ ಮಾರಿದರೆ ಬರುವ ಬೆಲೆಯೋ? ಕೃಷಿ ಜಮೀನಾದರೆ ಪಹಣಿಯ ಖರಾಬು (ಸಾಗುವಳಿಗೆ ಬಾರದ ಜಾಗ) ಕಾಲಂ ನೋಡಿ. ಹಳ್ಳ, ದಾರಿಯಂಥ ‘ಬಿ’ ಖರಾಬು ಸಾರ್ವಜನಿಕ ಉದ್ದೇಶಕ್ಕೆ ಮೀಸಲು. ಅದನ್ನೂ ಸೇರಿಸಿ ಬೆಲೆ ಕಟ್ಟಿದ ವರದಿ ತಪ್ಪು.

ಗಡಿ ಹೇಳಬೇಕಾದವರು ಭೂಮಾಪಕರು

ಮೌಲ್ಯಮಾಪಕರು ಟೇಪು ಹಿಡಿದು ಅಳೆದರೂ ಅದು ಬೆಲೆಯ ಲೆಕ್ಕಕ್ಕೆ ಮಾತ್ರ. ಕರ್ನಾಟಕದಲ್ಲಿ ಕೃಷಿ ಜಮೀನಿನ ದಾಖಲೆಯಾಗಿ ನಿಲ್ಲುವ ಅಳತೆ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯಿಂದಲೇ ಬರಬೇಕು. ಅಳೆಯುವವರು ಸರ್ಕಾರಿ ಭೂಮಾಪಕರಿರಬಹುದು, ಇಲಾಖೆಯ ಪರವಾನಗಿ ಪಡೆದ ಭೂಮಾಪಕರಿರಬಹುದು. ಪರವಾನಗಿ ಭೂಮಾಪಕರು ಸಂಬಳದ ನೌಕರರಲ್ಲ, ಕೆಲಸದ ಲೆಕ್ಕದಲ್ಲಿ ಸೇವಾಶುಲ್ಕ ಪಡೆಯುವವರು. ಬಿಸಿಲು ಮಳೆಯಲ್ಲಿ ಹೊಲ ಹೊಲ ಸುತ್ತಿ, ಬಾಜುದಾರರ ಜಗಳದ ನಡುವೆ ನಿಂತು ಅಳೆಯುವ ಇವರು ತಮ್ಮ ಸಂಘಗಳ ಮೂಲಕ ಸೇವಾ ಭದ್ರತೆ ಕೇಳುತ್ತ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದೇ.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ನೋಂದಣಿಗೆ ಮೊದಲು 11ಇ ನಕ್ಷೆ ಬೇಕು. ಗಡಿ ಗುರುತಿಸಲು ಹದ್ದುಬಸ್ತಿಗೆ ಅರ್ಜಿ ಹಾಕಿ. ಜಂಟಿ ಪಹಣಿಯಿಂದ ನಿಮ್ಮ ಭಾಗ ಬೇರ್ಪಡಿಸಲು ಪೋಡಿ ಮಾಡಿಸಿ. ಅರ್ಜಿ ದಾಖಲಾಗುವುದು ‘ಮೋಜಿಣಿ’ ವ್ಯವಸ್ಥೆಯಲ್ಲಿ, ನಾಡಕಚೇರಿಯಲ್ಲೂ ಕೊಡಬಹುದು. ಶುಲ್ಕವನ್ನು ಅರ್ಜಿಯ ಜೊತೆಗೇ ಸರ್ಕಾರಕ್ಕೆ ಕಟ್ಟುವುದರಿಂದ ರಸೀತಿ ಇಟ್ಟುಕೊಳ್ಳಿ.

ಅಳತೆಯ ದಿನ ಹೊಲದಲ್ಲಿ ನೀವೇ ಇರಿ. ಹಳೆಯ ಬಾಂದುಕಲ್ಲುಗಳ ಸುತ್ತಲ ಪೊದೆ ಕಡಿಸಿ, ಮೂಲ ಅಳತೆಯ ಟಿಪ್ಪಣಿ ಮತ್ತು ವಿಸ್ತೀರ್ಣ ಹೇಳುವ ಆಕಾರ್‌ಬಂದ್ ನಕಲು ಕೈಯಲ್ಲಿರಲಿ. ಹದ್ದುಬಸ್ತಿಗೆ ಬಾಜುದಾರರಿಗೆಲ್ಲ ನೋಟಿಸ್ ಹೋಗಿದೆಯೇ ಎಂದು ಕೇಳಿಕೊಳ್ಳಿ. ನೋಟಿಸ್ ಮುಟ್ಟದ ಅಳತೆಯನ್ನು ನಾಳೆ ಪಕ್ಕದವರು ಪ್ರಶ್ನಿಸಬಹುದು. ಗುಂಟೆಯ ಲೆಕ್ಕ ನೆನಪಿರಲಿ: ಸರಪಳಿ 33 ಅಡಿ, ಗುಂಟೆ 33ಕ್ಕೆ 33, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಖಾಸಗಿಯವರು ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರದಿಂದ ಮಾಡಿಕೊಡುವ ನಕ್ಷೆ ಮನೆ ಕಟ್ಟಲು, ಬಡಾವಣೆ ಯೋಜಿಸಲು ಉಪಯುಕ್ತ. 11ಇ ಜಾಗದಲ್ಲಿ ಅದು ನಡೆಯದು.

ತಪ್ಪಾದರೆ ಎಲ್ಲಿ ಹೋಗಬೇಕು?

ಅಳತೆ ಸರಿಯಿಲ್ಲವೆನಿಸಿದರೆ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ, ಅಂದರೆ ಎಡಿಎಲ್‌ಆರ್ ಕಚೇರಿಗೆ ಲಿಖಿತ ತಕರಾರು ಕೊಡಿ, ಅದರ ಮೇಲಿನ ಹಂತ ಜಿಲ್ಲೆಯ ಭೂದಾಖಲೆಗಳ ಉಪನಿರ್ದೇಶಕರು, ಅಂದರೆ ಡಿಡಿಎಲ್‌ಆರ್. ವ್ಯಾಜ್ಯ ಸಿವಿಲ್ ಕೋರ್ಟಿನಲ್ಲಿದ್ದರೆ, ಸ್ಥಳ ಅಳೆದು ವರದಿ ಕೊಡಲು ಕಮಿಷನರ್ ನೇಮಿಸುವಂತೆ ನ್ಯಾಯಾಲಯವನ್ನೇ ಕೇಳಬಹುದು.

ಐಬಿಬಿಐ ನೋಂದಾಯಿತ ಮೌಲ್ಯಮಾಪಕರ ವಿರುದ್ಧ ಅವರ ಸಂಘಟನೆಗೆ ದೂರಬಹುದು, ಇಲ್ಲವೇ 1,000 ರೂಪಾಯಿ ಶುಲ್ಕದೊಂದಿಗೆ ಪ್ರಾಧಿಕಾರಕ್ಕೇ ದೂರು ಕಳುಹಿಸಬಹುದು. ಆ ಶುಲ್ಕ ಮರಳಿ ಬರುವುದಿಲ್ಲ. ನೋಂದಣಿ ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಪ್ಯಾನೆಲ್‌ನವರ ಬಗ್ಗೆ ಮೊದಲು ಬ್ಯಾಂಕಿಗೆ ಬರೆಯಿರಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕ ಪಡೆದು ಕೊಟ್ಟ ಸೇವೆಯಲ್ಲಿ ಲೋಪವಾಗಿದ್ದರೆ ಗ್ರಾಹಕರ ಆಯೋಗಕ್ಕೆ 2 ವರ್ಷಗಳೊಳಗೆ ಹೋಗಬೇಕು. ಎಲ್ಲಿಗೇ ಹೋದರೂ ನೇಮಕ ಪತ್ರ, ಶುಲ್ಕದ ರಸೀತಿ, ವರದಿಯ ಪೂರ್ಣ ಪ್ರತಿ, ಸ್ಥಳದ ಫೋಟೊಗಳನ್ನು ಲಗತ್ತಿಸಿ. ಮೌಲ್ಯಮಾಪಕರು ತಮ್ಮ ಕಡತವನ್ನು ಕನಿಷ್ಠ 3 ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ, ಅದನ್ನು ತರಿಸಿ ನೋಡಿ ಎಂದೂ ದೂರಿನಲ್ಲಿ ಕೇಳಿ.